ಲೋಟಸ್ ಎಲಾನ್ ಎಸ್4: ಕೊಳ್ಳುವ ಮುಂಚಿನ ಹುಡುಕಾಟ, ಕೊಂಡ ಮೇಲಿನ ಬಾಳ್ವೆ

ಮೊದಲೇ ಹೇಳಿಬಿಡುತ್ತೇನೆ. ನಾನು ಓಡಿಸಿದ ಕಾರುಗಳಲ್ಲೆಲ್ಲ ಹೆಚ್ಚು ಖುಷಿ ಕೊಟ್ಟದ್ದು ಈ 1969ರ ಲೋಟಸ್ ಎಲಾನ್. ಹೆಚ್ಚು ಆರೈಕೆ ಮಾಡಿಸಿಕೊಂಡದ್ದೂ ಇದೇ. ಒಂದು ಬೇಕು, ಇನ್ನೊಂದು ಬೇಡ ಅಂದರೆ ನಡೆಯಲ್ಲ. ಕೊಂಡ ಹೊಸದರಲ್ಲಿ ವಿಮರ್ಶೆ ಬರೆದಿದ್ದರೆ ಸ್ಟೀರಿಂಗ್ ಹೊಗಳಿಯೇ ಮುಗಿಸುತ್ತಿದ್ದೆ. ಈಗ ಹಲವು ವರ್ಷ ಕಳೆದಿವೆ, ಬಾನೆಟ್ ಕೆಳಗಿನ ಕಥೆಯೂ ಗೊತ್ತಾಗಿದೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇಂಗ್ಲೆಂಡಿನ ಲೋಟಸ್ ಕಂಪನಿ ಎಲಾನನ್ನು 1962ರಿಂದ 1973ರವರೆಗೆ ಮಾರಿತು. ಕಂಪನಿಯ ಆಗಿನ ಯಜಮಾನ ಕಾಲಿನ್ ಚಾಪ್ಮನ್. ಕಾರಿನ ವಿನ್ಯಾಸದ ಹೊಣೆ ಹೊತ್ತವರು ರಾನ್ ಹಿಕ್‌ಮನ್. (ಮರಗೆಲಸಕ್ಕೆ ಬಳಸುವ ಮಡಚುವ ಬೆಂಚು ವರ್ಕ್‌ಮೇಟ್ ಇದೆಯಲ್ಲ, ಅದನ್ನು ಕಂಡುಹಿಡಿದದ್ದೂ ಇದೇ ಪುಣ್ಯಾತ್ಮ.) ಎಂಜಿನ್ 1558 ಸಿಸಿ. ಅದರ ಕೆಳಭಾಗ ಫೋರ್ಡ್‌ನದು, ಮೇಲೆ ಹ್ಯಾರಿ ಮಂಡಿ ರೂಪಿಸಿದ ಎರಡು ಕ್ಯಾಮ್‌ಶಾಫ್ಟಿನ ಹೆಡ್ (ವಾಲ್ವ್‌ಗಳೂ ಅವನ್ನು ತೆರೆಯುವ ಕ್ಯಾಮ್‌ಶಾಫ್ಟ್‌ಗಳೂ ಕೂತಿರುವ ಮೇಲ್ಭಾಗ). ಮುಂದಿನ ಸಸ್ಪೆನ್ಷನ್ನಿಗೆ ಟ್ರಯಂಫ್ ಕಾರಿನ ಭಾಗಗಳು. ಇಡೀ ಗಾಡಿಯ ತೂಕ 700 ಕೆಜಿ ಆಸುಪಾಸು. ನನ್ನದು ನಾಲ್ಕನೇ ಸರಣಿಯ ಕೂಪೆ (ಮುಚ್ಚಿದ ಚಾವಣಿಯದು), ಎಸ್‌ಇ ಅಂದರೆ ಸ್ಪೆಷಲ್ ಇಕ್ವಿಪ್‌ಮೆಂಟ್ ಮಾದರಿ, 115 ಎಚ್‌ಪಿ. ಇವತ್ತಿನ ಲೆಕ್ಕದಲ್ಲಿ ಆ ಅಂಕಿ ಏನೂ ಅಲ್ಲ. ಆದರೆ ತೂಕದ ಪಕ್ಕದಲ್ಲಿಟ್ಟು ನೋಡಿ.

ಈ ಕಾರು ಹುಡುಕುವವರು ಮೊದಲು ತಿಳಿಯಬೇಕಾದದ್ದು ಒಂದೇ. ಹೊರಗಿನ ಬಾಡಿ ಫೈಬರ್‌ನದು, ತುಕ್ಕು ಹಿಡಿಯಲ್ಲ. ಒಳಗಿನ ಚಾಸಿ ತೆಳು ಉಕ್ಕಿನದು, ತುಕ್ಕು ಹಿಡಿಯುತ್ತದೆ. ತಗಡು ಮಡಚಿ ಮಾಡಿದ ಒಂದು ಪೆಟ್ಟಿಗೆ ಕಾರಿನ ನಡುವೆ ಬೆನ್ನೆಲುಬಿನ ಹಾಗೆ ಹಾದುಹೋಗಿ ಎರಡೂ ತುದಿಯಲ್ಲಿ ಕವಲಾಗುತ್ತದೆ. ಎಂಜಿನ್, ಗೇರ್‌ಬಾಕ್ಸ್, ಚಕ್ರ ಎಲ್ಲಾ ಅದಕ್ಕೇ ಜೋತುಬಿದ್ದಿವೆ. ಬರೀ ಚಾಸಿಯನ್ನು ಇಬ್ಬರು ಆರಾಮಾಗಿ ಎತ್ತಬಹುದು, ಅಷ್ಟು ಹಗುರ. ಹಾಗಾಗಿ ಸಾಮಾನ್ಯ ಹಳೇ ಕಾರಿನಲ್ಲಿ ಕಣ್ಣಿಗೆ ಬೀಳುವ ಕಾಯಿಲೆ ಇಲ್ಲಿ ಕಾಣಿಸುವುದೇ ಇಲ್ಲ. ಬಾಗಿಲ ಕೆಳಗೆ ಗುಳ್ಳೆ ಇಲ್ಲ, ಚಕ್ರದ ಕಮಾನಿನಲ್ಲಿ ತೂತಿಲ್ಲ. ಪೇಂಟ್ ಫಳಫಳ ಹೊಳೆಯುತ್ತಿರುತ್ತದೆ, ಒಳಗೆ ಚಾಸಿ ಹಪ್ಪಳವಾಗಿರುತ್ತದೆ.

ನಾನು ನೋಡಿದ ಕಾರುಗಳಲ್ಲಿ ಅತ್ಯಂತ ಚೆಂದ ಕಂಡ ಒಂದು ಹೀಗೇ ಇತ್ತು. ಕೆಂಪು ಬಿಳಿ ಎರಡು ಬಣ್ಣ, ನಡುವೆ ಬಂಗಾರದ ಗೆರೆ. ಕನ್ನಡಿಯಂಥ ಪೇಂಟ್. ಮಾರುವವರು ಕಾರನ್ನು ಎತ್ತಿ ಕೆಳಗೆ ನೋಡಲು ಮಾತ್ರ ಬಿಡಲೊಲ್ಲರು. "ಈಗಷ್ಟೇ ಪಾಲಿಶ್ ಆಗಿದೆ, ಜಾಕ್ ಹಾಕೋದು ಬೇಡ" ಅಂದರು. ಸರಿ, ಹೆಡ್‌ಲೈಟಾದರೂ ಹಾಕಿ ತೋರಿಸಿ ಅಂದೆ. ಒಂದು ಮೇಲೆದ್ದಿತು, ಇನ್ನೊಂದು ಅರ್ಧ ಕಣ್ಣು ಬಿಟ್ಟು ನಿಂತಿತು.

ಹೆಡ್‌ಲೈಟ್ ಯಾಕೆ ಕೇಳಿದೆ ಅಂತ ಹೇಳಬೇಕು. ಎಲಾನಿನ ಹೆಡ್‌ಲೈಟ್ ಬಾನೆಟ್ಟಿನಲ್ಲಿ ಅಡಗಿರುತ್ತದೆ, ಬೇಕಾದಾಗ ಮೇಲೇಳುತ್ತದೆ. ಎತ್ತುವುದಕ್ಕೆ ಮೋಟರ್ ಇಲ್ಲ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ಹುಟ್ಟುವ ವ್ಯಾಕ್ಯೂಮ್ ಆ ಕೆಲಸ ಮಾಡುತ್ತದೆ. ಆ ವ್ಯಾಕ್ಯೂಮ್ ಕೂಡಿಡುವ ಡಬ್ಬಿ ಯಾವುದು ಗೊತ್ತಾ? ಚಾಸಿಯ ಮುಂದಿನ ಅಡ್ಡ ಪೆಟ್ಟಿಗೆಯೇ. ಎರಡೂ ಬದಿಯಿಂದ ನೀರು ಇಳಿದು ಬಂದು ನಿಂತುಕೊಳ್ಳುವುದೂ ಅದರ ಅಕ್ಕಪಕ್ಕದಲ್ಲೇ. ನೀರು ಹೊರಹೋಗಲು ಇರುವ ರಂಧ್ರಗಳು ಕಸ ತುಂಬಿ ಮುಚ್ಚಿಹೋದರೆ ತಗಡು ಒಳಗಿನಿಂದ ಕೊಳೆಯುತ್ತದೆ. ಸೂಜಿಮೊನೆಯಷ್ಟು ತೂತು ಬಿದ್ದರೂ ವ್ಯಾಕ್ಯೂಮ್ ನಿಲ್ಲಲ್ಲ, ದೀಪ ಕುಸಿಯುತ್ತದೆ. ಮುಂದಿನ ಚಕ್ರಗಳ ಸಸ್ಪೆನ್ಷನ್ ಹಿಡಿದಿರುವುದೂ ಅದೇ ಜಾಗ.

ಎಂಜಿನ್ ಓಡಿಸಿ, ದೀಪ ಎತ್ತಿಸಿ, ಎಂಜಿನ್ ನಿಲ್ಲಿಸಿ, ಸುಮ್ನೆ ನೋಡುತ್ತಾ ನಿಲ್ಲಿ. ಕೂಡಲೇ ತೂಕಡಿಸಿದರೆ ಎಲ್ಲೋ ಸೋರಿಕೆ ಇದೆ. ಬರೀ ರಬ್ಬರ್ ಪೈಪ್ ಸೀಳಿರಬಹುದು, ಅದಾದರೆ ಸಣ್ಣ ಕೆಲಸ. ಅಡ್ಡ ಪೆಟ್ಟಿಗೆಗೆ ಹೋಗುವ ಪೈಪನ್ನು ಒತ್ತಿಹಿಡಿದು ಮತ್ತೆ ನೋಡಿದರೆ ಯಾವುದು ಅಂತ ತಿಳಿಯುತ್ತದೆ. ಎಲ್ಲಾ ಕಾರಿನಲ್ಲೂ ಈ ವ್ಯವಸ್ಥೆ ಒಂದೇ ಥರ ಇಲ್ಲ. ಕೆಲವದರಲ್ಲಿ ವ್ಯಾಕ್ಯೂಮ್ ಹೋದರೆ ದೀಪ ತಾನಾಗಿ ಮೇಲೇಳುತ್ತದೆ. ಮೊದಲು ಕೇಳಿಕೊಂಡು ಪರೀಕ್ಷೆ ಮಾಡಿ.

ಕೆಂಪು ಬಿಳಿ ಬಣ್ಣದ ಬಗ್ಗೆಯೂ ಒಂದು ಮಾತು. ಅದು ಸ್ಪ್ರಿಂಟ್ ಅನ್ನುವ ಕೊನೆಯ ಮಾದರಿಯ ಹೆಸರಾದ ಬಣ್ಣ. ಸ್ಪ್ರಿಂಟ್ ಎಂಜಿನ್ನಿಗೆ ದೊಡ್ಡ ವಾಲ್ವ್, 126 ಎಚ್‌ಪಿ, ಹಾಗಾಗಿ ಬೆಲೆಯೂ ಜಾಸ್ತಿ. ಆ ಬಣ್ಣವನ್ನು ಯಾವ ಎಲಾನಿಗೂ ಬಳಿಯಬಹುದು, ಬಳಿದಿದ್ದಾರೆ ಕೂಡ. ಕ್ಯಾಮ್ ಕವರ್ ಮೇಲೆ "ಬಿಗ್ ವಾಲ್ವ್" ಅಂತ ಇದ್ದರೂ ನಂಬಬೇಡಿ. ಕವರ್ ಬದಲಿಸುವುದು ಅರ್ಧ ದಿನದ ಕೆಲಸವೂ ಅಲ್ಲ. ರೇಸಿಗೆಂದು ಕಂಪನಿ ಮಾಡಿದ 26ಆರ್ ವಿಷಯದಲ್ಲಂತೂ ಇನ್ನೂ ಹುಷಾರಾಗಿರಬೇಕು. ಅಸಲಿ ಕಡಿಮೆ, ಅದರ ಹಾಗೆ ಮಾಡಿದವು ಬೇಕಾದಷ್ಟು. ನಕಲಿ ಅಂದರೆ ಕೆಟ್ಟದು ಅಂತಲ್ಲ, ಓಡಿಸಲು ಮಜಾನೇ. ಅಸಲಿಯ ದುಡ್ಡು ಕೇಳಿದಾಗಲೇ ತಕರಾರು.

ಇನ್ನು ಕಾಗದಪತ್ರ. ಚಾಸಿ ನಂಬರಿನ ಮುಂದಿನ ಅಂಕಿ ಬಹಳಷ್ಟು ಹೇಳುತ್ತದೆ. ಮೊದಲ ಎರಡು ಸರಣಿಗೆ 26, ಆಮೇಲಿನ ಕೂಪೆಗೆ 36, ತೆರೆದ ಚಾವಣಿಯದಕ್ಕೆ 45. 1970ರಿಂದ ನಂಬರ್ ಕೊಡುವ ಕ್ರಮವೇ ಬದಲಾಯಿತು. 45 ಅಂತ ಶುರುವಾಗುವ ಕೂಪೆ ಕಂಡರೆ ಅದರ ಹಿಂದೆ ಏನೋ ಕಥೆ ಇದೆ ಅಂತಲೇ ಅರ್ಥ. ಲೋಟಸ್ ಕಂಪನಿಯ ದಾಖಲೆ ವಿಭಾಗದಿಂದ ಪ್ರಮಾಣಪತ್ರ ತರಿಸಬಹುದು. ಕಾರ್ಖಾನೆ ಬಿಟ್ಟಾಗ ಎಂಜಿನ್ ನಂಬರ್ ಏನಿತ್ತು, ಬಣ್ಣ ಏನಿತ್ತು ಅಂತ ಅದರಲ್ಲಿ ಸಿಗುತ್ತದೆ. ಮುಂಗಡ ಕೊಡುವ ಮೊದಲೇ ತರಿಸಿ.

ಕೆಲವರು ಕಾರ್ಖಾನೆಯ ಬಿಲ್ ತಾರೀಖಿಗೂ ನೋಂದಣಿ ತಾರೀಖಿಗೂ ತಾಳೆಯಾಗಲಿಲ್ಲ ಅಂತ ಗಾಬರಿಯಾಗುತ್ತಾರೆ. ಅದಕ್ಕೆ ಕಾರಣ ಇದೆ. ಆಗ ಬ್ರಿಟನ್ನಿನಲ್ಲಿ ಹೊಸ ಕಾರಿಗೆ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳ ಕಿಟ್ಟಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ತೆರಿಗೆ ಉಳಿಯುತ್ತಿತ್ತು. ಎಲಾನ್ ಹಾಗೇ ತುಂಬಾ ಮಾರಾಟವಾಯಿತು. 1973ರಲ್ಲಿ ವ್ಯಾಟ್ ಬಂದು ಆ ದಾರಿ ಮುಚ್ಚಿತು. ಕಿಟ್ ಕೊಂಡವರು ನಿಧಾನಕ್ಕೆ ಜೋಡಿಸಿದರೆ ನೋಂದಣಿ ತಡವಾಗುವುದು ಸಹಜ ಅಲ್ವಾ? ಒಂದೇ ವರ್ಷದ ಎರಡು ಎಲಾನಿನಲ್ಲಿ ವೈರ್ ಹಾಯಿಸಿರುವ ರೀತಿ ಬೇರೆ ಬೇರೆ ಇದ್ದರೆ ಅದಕ್ಕೂ ಇದೇ ಕಾರಣ ಇರಬಹುದು.

ಹಳೇ ಕಾರಿನ ಸಹವಾಸದವರ ಜೊತೆ ನನ್ನ ಜಗಳ ಇರುವುದು "ಮ್ಯಾಚಿಂಗ್ ನಂಬರ್ಸ್" ವಿಷಯದಲ್ಲಿ. ಚಾಸಿ, ಎಂಜಿನ್ ಎರಡೂ ಹುಟ್ಟಿದಾಗಿನವೇ ಇರಬೇಕು ಅಂತ ಹಟ ಹಿಡಿಯುತ್ತಾರೆ. ಎಂಜಿನ್ ಸರಿ. ಎಲಾನಿಗೆ ಹುಟ್ಟಿದಾಗಿನ ಚಾಸಿಯೇ ಬೇಕು ಅನ್ನುವುದು ನನಗೆ ಒಪ್ಪಿಗೆ ಇಲ್ಲ. ಆ ಚಾಸಿಗೆ ಸರಿಯಾದ ತುಕ್ಕುರಕ್ಷಣೆಯೇ ಇರಲಿಲ್ಲ. ಮುಂದೆ ಲೋಟಸ್ ಕಂಪನಿಯೇ ಸತು ಲೇಪಿಸಿದ ಚಾಸಿ ಮಾರತೊಡಗಿತು. ನನ್ನ ಕಾರಿನಲ್ಲಿ ಇರುವುದು ಅದೇ. ಹಿಂದಿನ ಮಾಲೀಕರು ಅದರ ಬಿಲ್ಲಿನಿಂದ ಹಿಡಿದು ಸ್ಪಾರ್ಕ್ ಪ್ಲಗ್ಗಿನ ಚೀಟಿವರೆಗೆ ಎಲ್ಲಾ ಒಂದು ದಪ್ಪ ಫೈಲಿನಲ್ಲಿ ಇಟ್ಟಿದ್ದರು. ನಾನು ಮನಸ್ಸು ಮಾಡಿದ್ದು ಆ ಫೈಲ್ ನೋಡಿ. ಪೇಂಟ್ ಅಲ್ಲಲ್ಲಿ ಮಾಸಿತ್ತು, ಬಾಗಿಲ ಹಿಡಿಯ ಹತ್ತಿರ ಜೇಡರಬಲೆಯಂಥ ಬಿರುಕಿತ್ತು. ಅದೇ ಕಾರಣಕ್ಕೆ ಬೇರೆಯವರು ಕೈಬಿಟ್ಟಿದ್ದರು. ಈಗಲೂ ಅದು ಹಾಗೇ ಇದೆ. ಫೈಬರ್ ಬಾಡಿಗೆ ಪೇಂಟ್ ಮಾಡಿಸುವುದು ಅಂದರೆ ಪ್ರತಿ ಬಿರುಕನ್ನೂ ಬುಡದವರೆಗೆ ಕೆರೆದು, ಹೊಸ ಫೈಬರ್ ಹಾಸಿ, ಒಣಗಿಸಿ ಆಮೇಲೆ ಬಣ್ಣ. ಬರೀ ಪುಟ್ಟಿ ಮೆತ್ತಿದರೆ ಬಿರುಕು ಮತ್ತೆ ಹಾಜರ್.

ಕೊಳ್ಳುವಾಗ ನೋಡುವ ಇನ್ನೊಂದು ಜಾಗ ಎಂಜಿನ್ನಿನ ಮುಂಭಾಗ. ಕ್ಯಾಮ್‌ಶಾಫ್ಟ್ ತಿರುಗಿಸುವ ಟೈಮಿಂಗ್ ಚೈನ್ ಬಿಗಿ ಮಾಡುವ ಒಂದು ಸ್ಕ್ರೂ ಹೊರಗೇ ಕಾಣುತ್ತದೆ. ಅದು ಪೂರ್ತಿ ಒಳಗೆ ಹೋಗಿದ್ದರೆ ಚೈನ್ ಜಗ್ಗಿದೆ, ಇಲ್ಲವೇ ಹೆಡ್ಡನ್ನು ಹಲವು ಸಲ ಉಜ್ಜಿ ತೆಳ್ಳಗೆ ಮಾಡಿದ್ದಾರೆ. ಎರಡನೆಯದಾದರೆ ಬೆಲೆ ಗಟ್ಟಿಯಾಗಿ ಚೌಕಾಸಿ ಮಾಡಿ, ಇಲ್ಲ ಎದ್ದು ಬನ್ನಿ.

ಇನ್ನು ಬಾಳ್ವೆಯ ಮಾತು. ತೊಂದರೆ ಅಂತ ಕೊಟ್ಟದ್ದು ಮುಖ್ಯವಾಗಿ ವಾಟರ್ ಪಂಪ್. ಬೇರೆ ಕಾರಿನಲ್ಲಿ ಪಂಪು ನಾಲ್ಕು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಇಲ್ಲಿ ಅದರ ಬೇರಿಂಗ್, ಸೀಲ್ ಎಲ್ಲಾ ಟೈಮಿಂಗ್ ಕವರಿನ ಒಳಗೇ ಕೂತಿವೆ. ಅದನ್ನು ಸರಿಯಾಗಿ ಬದಲಿಸಲು ಹೆಡ್ ಇಳಿಸಬೇಕು, ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ತಟ್ಟೆ, ಅಂದರೆ ಸಂಪ್, ಬಿಚ್ಚಬೇಕು. ಅಷ್ಟೆಲ್ಲಾ ಒಂದು ಸಣ್ಣ ಸೀಲಿಗಾಗಿ! ಒಬ್ಬ ಮೆಕ್ಯಾನಿಕ್ ಒಳ್ಳೆಯ ಮನಸ್ಸಿನಿಂದಲೇ ಪಂಪ್ ತಿರುಗಿಸುವ ಬೆಲ್ಟನ್ನು ತಂತಿಯ ಹಾಗೆ ಬಿಗಿದುಕೊಟ್ಟರು. ಸ್ವಲ್ಪ ದಿನದಲ್ಲೇ ಮುಂದಿನಿಂದ ಕರಕರ ಸದ್ದು ಶುರುವಾಯಿತು. ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಸಡಿಲ. ಪಂಪಿನ ಕೆಳಗೆ ಒಂದು ಚಿಕ್ಕ ತೂತಿದೆ, ಸೀಲ್ ಹೋದರೆ ನೀರು ಅಲ್ಲಿಂದ ತೊಟ್ಟಿಕ್ಕುತ್ತದೆ. ಬೆರಳಿಟ್ಟೆ, ಒದ್ದೆ. ಹೆಡ್ ಹೇಗೂ ಇಳಿಸಲೇಬೇಕಾಗಿತ್ತು. ಪಂಪನ್ನು ಮಾತ್ರ ಬೇರೆಯಾಗಿ ಹೊರತೆಗೆಯಲು ಬರುವ ಹೊಸ ಥರದ ಕವರ್ ಸಿಗುತ್ತದೆ, ಅದನ್ನೇ ಹಾಕಿಸಿದೆ. ಹೊರಗಿನಿಂದ ನೋಡಿದರೆ ಹೆಚ್ಚು ವ್ಯತ್ಯಾಸ ಗೊತ್ತಾಗಲ್ಲ. ಅಸಲಿತನದ ಹಟ ಇರುವವರು ಕೂಡ ಈ ಒಂದರಲ್ಲಿ ರಾಜಿ ಮಾಡಿಕೊಳ್ಳಬೇಕು ಅನ್ನುತ್ತೇನೆ.

ಎರಡನೆಯದು ಬೆಂಕಿಯ ಭಯ. ಇದನ್ನು ಹಗುರವಾಗಿ ತಗೋಬೇಡಿ. ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ವೆಬರ್ ಕಾರ್ಬುರೇಟರ್ ಎಂಜಿನ್ನಿನ ಬಲಗಡೆ ಇವೆ. ಡಿಸ್ಟ್ರಿಬ್ಯೂಟರ್, ಅಂದರೆ ಕಿಡಿ ಹಂಚುವ ಭಾಗ, ಸರಿಯಾಗಿ ಅವುಗಳ ಕೆಳಗೆ. ಪೆಟ್ರೋಲ್ ಸೋರಿದರೆ ಎಲ್ಲಿಗೆ ಬೀಳುತ್ತದೆ ಅಂತ ಊಹಿಸಿ. ಮೇಲೆ ಇಡೀ ಬಾಡಿ ಫೈಬರ್. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಹಳೇ ರಬ್ಬರ್ ಪೈಪನ್ನು ತಿಂದುಹಾಕುತ್ತದೆ. ಹಾಗಾಗಿ ಕಾರು ಮನೆಗೆ ಬಂದ ಕೂಡಲೇ ಪೆಟ್ರೋಲ್ ಪೈಪೆಲ್ಲಾ ಎಥನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವ ಹಾಗೆ ಸೀಟಿನ ಹತ್ತಿರ ಇದೆ. ಡಿಕ್ಕಿಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ. ಹೊರಡುವ ಮೊದಲು ಬಾನೆಟ್ ಎತ್ತಿ ಮೂಸಿ ನೋಡುವುದು ರೂಢಿಯಾಗಿಬಿಟ್ಟಿದೆ. ಕಾರ್ಬುರೇಟರನ್ನು ಹಿಡಿದು ಮೆಲ್ಲಗೆ ಅದುಮಿದರೆ ಸ್ವಲ್ಪ ಬಳುಕಬೇಕು. ಅದರ ಬುಡದಲ್ಲಿ ರಬ್ಬರ್ ರಿಂಗ್, ಸ್ಪ್ರಿಂಗ್ ವಾಷರ್ ಇರುವುದು ಅದಕ್ಕೇ. ಗೊತ್ತಿಲ್ಲದವರು ನಟ್ಟನ್ನು ಪೂರ್ತಿ ಬಿಗಿದುಬಿಡುತ್ತಾರೆ. ಆಗ ಎಂಜಿನ್ನಿನ ನಡುಕ ಕಾರ್ಬುರೇಟರಿಗೆ ಹತ್ತಿ ಪೆಟ್ರೋಲ್ ನೊರೆಯೇಳುತ್ತದೆ.

ವೈರಿಂಗ್ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಅಷ್ಟೇನಿಲ್ಲ. ಫೈಬರಿನಲ್ಲಿ ಕರೆಂಟ್ ಹರಿಯಲ್ಲ, ಹಾಗಾಗಿ ಪ್ರತಿ ದೀಪಕ್ಕೂ ಬೇರೆ ಅರ್ಥಿಂಗ್ ವೈರ್ ಇರುತ್ತದೆ. ಅದರ ತುದಿಗಳನ್ನು ಉಜ್ಜಿ ಶುಚಿ ಮಾಡಿದರೆ ಮುಕ್ಕಾಲು ದೂರು ಹೋಯಿತು. ಹ್ಯಾಂಡ್‌ಬ್ರೇಕ್ ಮಾತ್ರ ಹೆಸರಿಗಷ್ಟೇ. ಇಳಿಜಾರಿನಲ್ಲಿ ಗೇರಿನಲ್ಲೇ ನಿಲ್ಲಿಸಿ. ಬಿಡಿಭಾಗ ಸಿಗುತ್ತಾ ಅಂತ ಕೇಳುವವರಿಗೆ: ಈ ವಯಸ್ಸಿನ ಅಪರೂಪದ ಕಾರಿಗೆ ಹೋಲಿಸಿದರೆ ಧಾರಾಳವಾಗಿ ಸಿಗುತ್ತವೆ. ಫೋರ್ಡ್, ಟ್ರಯಂಫ್ ಭಾಗ ಬಳಸಿದ್ದರ ಲಾಭ ಈಗ ನಮಗೆ.

ಓಡಿಸುವ ಸುಖ ಹೇಳದಿದ್ದರೆ ಇಷ್ಟೆಲ್ಲಾ ಯಾಕೆ ಸಹಿಸಿದ ಅಂತ ಅನ್ನಿಸಬಹುದು. ಸ್ಟೀರಿಂಗಿಗೆ ಪವರ್ ಇಲ್ಲ, ಬೇಕಾಗಿಯೂ ಇಲ್ಲ. ಬೆರಳ ತುದಿಯಲ್ಲಿ ಹಿಡಿದರೆ ಸಾಕು, ಟೈರಿನ ಕೆಳಗೆ ಜಲ್ಲಿ ಇದೆಯೋ ನೀರಿದೆಯೋ ಕೈಗೆ ಗೊತ್ತಾಗುತ್ತದೆ. ಮೆಕ್ಲಾರೆನ್ ಎಫ್1 ರೂಪಿಸಿದ ಗಾರ್ಡನ್ ಮರ್ರಿ ಅಂಥವರೇ ಈ ಸ್ಟೀರಿಂಗನ್ನು ಹೊಗಳಿದ್ದಾರೆ. 1989ರ ಮಜ್ದಾ ಎಂಎಕ್ಸ್-5ಕ್ಕೆ ಎಲಾನೇ ಮಾದರಿಯಾಗಿತ್ತು. ಇನ್ನೂ ಆಶ್ಚರ್ಯ ಸಸ್ಪೆನ್ಷನ್. ಸ್ಪೋರ್ಟ್ಸ್ ಕಾರ್ ಅಂದರೆ ಬೆನ್ನು ಮುರಿಯಬೇಕು ಅಂದುಕೊಂಡವರು ಒಮ್ಮೆ ಇದರಲ್ಲಿ ಕೂರಬೇಕು. ಸ್ಪ್ರಿಂಗ್ ಮೆತ್ತಗಿವೆ. ಗುಂಡಿ ರಸ್ತೆಯಲ್ಲೂ ಕಾರು ತೇಲಿಕೊಂಡು ಹೋಗುತ್ತದೆ. ತಿರುವಿನಲ್ಲಿ ಸ್ವಲ್ಪ ವಾಲುತ್ತದೆ, ಹಿಡಿತ ಬಿಡಲ್ಲ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಇಷ್ಟು ಹಗುರ ಗಾಡಿಗೆ ಬೇಕಾದಷ್ಟಾಯಿತು. ಕಾರು ಎಷ್ಟು ಚಿಕ್ಕದು ಅಂದರೆ ಕಿರಿದಾದ ರಸ್ತೆಯಲ್ಲೂ ನಿಮ್ಮ ಪಾಲಿನ ಅರ್ಧದಲ್ಲೇ ಗೆರೆ ಆರಿಸಿಕೊಳ್ಳಬಹುದು. ಹೆದ್ದಾರಿಯಲ್ಲಿ ಮಾತ್ರ ನಾಲ್ಕನೇ ಗೇರಿನಲ್ಲೇ ಎಂಜಿನ್ ಕಿರುಚುತ್ತಿರುತ್ತದೆ, ಐದನೆಯದು ಇಲ್ಲ. ಲಾರಿಯ ಪಕ್ಕ ಹೋಗುವಾಗ ಅದರ ಚಕ್ರದ ನಟ್ಟು ನಿಮ್ಮ ಕಣ್ಣಿನ ಮಟ್ಟಕ್ಕಿರುತ್ತದೆ. ಎದೆ ಗಟ್ಟಿ ಬೇಕು.

ಆರಡಿ ಮೀರಿದವರು ಒಮ್ಮೆ ಕೂತು ನೋಡದೆ ಕೊಳ್ಳಬೇಡಿ. ತಿಂಗಳುಗಟ್ಟಲೆ ನಿಲ್ಲಿಸಿ ಇಡುವವರಿಗೂ ಈ ಕಾರು ಒಗ್ಗಲ್ಲ. ನಿಂತಷ್ಟೂ ಸೀಲ್ ಒಣಗುತ್ತವೆ, ಬ್ರೇಕ್ ಹಿಡಿದುಕೊಳ್ಳುತ್ತದೆ. ವಾರಕ್ಕೊಮ್ಮೆಯಾದರೂ ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿದರೆ ಅರ್ಧ ರಗಳೆ ತಪ್ಪುತ್ತದೆ.

ಈಗ ಮುಂದಿರುವ ಕೆಲಸ ಹಿಂದಿನ ಆಕ್ಸಲ್‌ಗಳದು. ಒಂದೊಂದು ಬದಿಗೆ ಎರಡೆರಡು ದಪ್ಪ ರಬ್ಬರ್ ಬಳೆ ಇವೆ, ರೋಟೋಫ್ಲೆಕ್ಸ್ ಅಂತಾರೆ. ಚಕ್ರ ತಿರುಗಿಸುವ ಬಲವೆಲ್ಲಾ ಅವುಗಳ ಮೂಲಕವೇ ಹೋಗಬೇಕು. ಕ್ಲಚ್ ಒರಟಾಗಿ ಬಿಟ್ಟರೆ ರಬ್ಬರ್ ತಿರುಚಿ ಮತ್ತೆ ಬಿಚ್ಚಿಕೊಂಡು ಕಾರು ಕುಪ್ಪಳಿಸುತ್ತದೆ. ಹೊಸಬರು ಓಡಿಸಿದರೆ ನೋಡುವವರಿಗೆ ನಗು. ಎಡಗಡೆಯ ಒಂದರಲ್ಲಿ ಬೋಲ್ಟಿನ ಸುತ್ತ ಕೂದಲೆಳೆಯಷ್ಟು ಸೀಳು ಕಂಡಿದೆ. ಹರಿದರೆ ಶಾಫ್ಟ್ ಬೀಸಿ ಚಾಸಿಗೇ ಹೊಡೆಯಬಹುದು, ಹಾಗಾಗಿ ಕಾರು ಸದ್ಯಕ್ಕೆ ನಿಂತಿದೆ. ರಬ್ಬರ್ ಬದಲು ಸಿವಿ ಜಾಯಿಂಟ್ (ಲೋಹದ ಕೀಲು) ಹಾಕಿಸು ಅಂತ ಸುಮಾರು ಜನ ಹೇಳಿದರು. ಅದು ಬಾಳಿಕೆ ಬರುತ್ತದೆ, ಕುಪ್ಪಳಿಸುವುದೂ ನಿಲ್ಲುತ್ತದೆ. ಆದರೂ ನಾನು ನಾಲ್ಕೂ ರಬ್ಬರನ್ನೇ ಆರ್ಡರ್ ಮಾಡಿದ್ದೇನೆ. ಗೇರ್ ಬದಲಿಸುವಾಗಿನ ಏಟನ್ನು ಅದು ನುಂಗುವ ರೀತಿ ನನಗೆ ಇಷ್ಟ. ನೀವೂ ಹಾಕಿಸುವುದಾದರೆ ತಯಾರಾದ ತಾರೀಖು ಕೇಳಿಯೇ ಕೊಳ್ಳಿ, ಗೋದಾಮಿನಲ್ಲಿ ಕೂತ ರಬ್ಬರಿಗೂ ವಯಸ್ಸಾಗುತ್ತದೆ. ಸುತ್ತ ಉಕ್ಕಿನ ಪಟ್ಟಿ ಬಿಗಿದು ಕಳಿಸುತ್ತಾರೆ. ಬೋಲ್ಟೆಲ್ಲಾ ಕೂತ ಮೇಲೆ ಆ ಪಟ್ಟಿ ಕತ್ತರಿಸಿ. ಮೊದಲೇ ಕತ್ತರಿಸಿದರೆ ರಬ್ಬರ್ ಹಿಗ್ಗಿಕೊಂಡು ತೂತಿಗೆ ತೂತು ಕೂಡಲ್ಲ.