ಜಪಾನಿನ ಹಳೆಯ ಕ್ಲಾಸ್ 15 ಹೊಲಿಗೆ ಮಿಷನ್: ಹೆಸರು ನೋಡಬೇಡಿ, ಚಕ್ರ ತಿರುಗಿಸಿ ನೋಡಿ

ಅಮೆರಿಕದ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ 1950ರ ದಶಕದ ಜಪಾನ್ ಮಿಷನ್‌ಗಳು ಇಂದಿಗೂ ಧಾರಾಳವಾಗಿ ಸಿಗುತ್ತವೆ. ತಿಳಿನೀಲಿ, ಗುಲಾಬಿ, ಹಸಿರು ಬಣ್ಣ, ಆ ಕಾಲದ ಕಾರುಗಳಂತೆ ಕ್ರೋಮ್ ಪಟ್ಟಿ, ಮೈಮೇಲೆ ದಪ್ಪಕ್ಷರದಲ್ಲಿ ಒಂದು ಹೆಸರು. ಆ ಹೆಸರಿಗೆ ದುಡ್ಡು ಕೊಡಬೇಡಿ. ಅದು ಬಹುಮಟ್ಟಿಗೆ ಆಮದುದಾರ ಅಂಟಿಸಿದ್ದು. ಒಂದೇ ಕಾರ್ಖಾನೆಯ ಮಿಷನ್ ಹತ್ತಾರು ಹೆಸರಲ್ಲಿ ಮಾರಾಟವಾಗಿದೆ. ತಲೆಯ ಅಡಿಭಾಗದಲ್ಲಿ ಜೆ-ಎ, ಜೆ-ಸಿ ಎಂದು ಶುರುವಾಗುವ ಗುರುತು ಕಂಡರೆ ಅದು ತಯಾರಕರ ಸಂಕೇತ, ಇಸವಿಯಲ್ಲ. ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ (ಮಿತ್ರಪಡೆಗಳ ಹಿಡಿತದಲ್ಲಿದ್ದ ಜಪಾನಿನಲ್ಲಿ ತಯಾರಾದದ್ದು) ಎಂದಿದ್ದರೆ 1947ರಿಂದ 1952ರೊಳಗಿನ ಮಾಲು. ಸಂಗ್ರಹಕಾರರು ಅದಕ್ಕೆ ಹೆಚ್ಚು ಬೆಲೆ ಹೇಳುತ್ತಾರೆ. ಹೊಲಿಗೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಹೊಲಿಗೆ ಒಂದೇ ಥರ ಇರುವುದಕ್ಕೆ ಕಾರಣ ಸರಳ. ಯುದ್ಧ ಮುಗಿದ ಮೇಲೆ ಜಪಾನಿನ ತಯಾರಕರು ಅಮೆರಿಕದ ಸಿಂಗರ್ ಕಂಪನಿಯ 15ನೇ ಮಾದರಿಯ (ಕ್ಲಾಸ್ 15) ವಿನ್ಯಾಸವನ್ನೇ ಮಾನಕ ಮಾಡಿಕೊಂಡರು. ಆ ಮಾನಕದ ಹೆಸರೇ ಎಚ್‌ಎ-1. ಬಿಡಿಭಾಗಗಳ ಅಳತೆ ಒಂದೇ ಆದ್ದರಿಂದ ಒಬ್ಬರ ಬಾಬಿನ್ ಕೇಸ್ (ಕೆಳದಾರದ ಉರುಳೆ ಕೂರುವ ಡಬ್ಬಿ) ಇನ್ನೊಬ್ಬರ ಮಿಷನ್‌ಗೆ ಕೂರುತ್ತದೆ. ನಮ್ಮ ಉಷಾ, ಮೆರಿಟ್‌ಗಳ ಸಾದಾ ಕಪ್ಪು ಮಿಷನ್‌ಗಳದ್ದೂ ಇದೇ ವಂಶ. ಹಾಗಾಗಿ ಇದನ್ನು ಊರಿಗೆ ತಂದರೂ ಬಾಬಿನ್, ಸೂಜಿ, ಲೋ ಶ್ಯಾಂಕ್ ಫೂಟ್ (ಬಟ್ಟೆ ಒತ್ತಿ ಹಿಡಿಯುವ ಗಿಡ್ಡ ಕಾಲಿನ ಪಾದ), ಬೆಲ್ಟ್‌ಗೆ ಪರದಾಡಬೇಕಿಲ್ಲ. ಟೈಲರಿಂಗ್ ಸಾಮಾನಿನ ಯಾವ ಅಂಗಡಿಯಲ್ಲೂ ಸಿಗುತ್ತವೆ. ಬಾಬಿನ್ ಕೇಸ್ ಕೊಳ್ಳುವಾಗ ಮಾತ್ರ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಅದರ ಬೆರಳು ಗಡಿಯಾರದ ಹನ್ನೊಂದರ ಜಾಗದಲ್ಲಿರುವುದೂ ಉಂಟು, ಒಂದರ ಜಾಗದಲ್ಲಿರುವುದೂ ಉಂಟು. ಅದು ಬದಲಾದರೆ ಕೇಸ್ ಸರಿಯಾಗಿ ಕೂರುವುದಿಲ್ಲ.

ಕೊಳ್ಳುವ ಮುಂಚೆ ಚಕ್ರವನ್ನು ನಿಮ್ಮ ಕಡೆಗೆ ತಿರುಗಿಸಿ. ಎಲ್ಲೆಡೆ ಸಮನಾಗಿ ಬಿಗಿಯಾಗಿದ್ದರೆ ಹೆದರಬೇಡಿ, ಅದು ಒಣಗಿ ಅಂಟಾದ ಹಳೇ ಎಣ್ಣೆ. ಒಂದೇ ಜಾಗದಲ್ಲಿ ಟಕ್ಕೆಂದು ನಿಂತರೆ ಶಟಲ್ (ಬಾಬಿನ್ ಕೇಸ್ ಸುತ್ತ ಆಡುವ ಕೊಕ್ಕೆ) ಹಿಂದೆ ದಾರ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಸೂಜಿ ಮೇಲೆತ್ತಿ, ಬಾಬಿನ್ ಕೇಸ್ ತೆಗೆದು, ಎರಡು ಪಕ್ಕದ ಕೊಂಡಿಗಳನ್ನು ಹೊರಕ್ಕೆ ಸರಿಸಿದರೆ ಹಲವು ಮಿಷನ್‌ಗಳಲ್ಲಿ ಶಟಲ್ಲನ್ನು ಹಿಡಿದಿಡುವ ಬಳೆ, ಅಂದರೆ ರೇಸ್ ರಿಂಗ್, ಕೈಗೆ ಬರುತ್ತದೆ. ಶಟಲ್ ಹುಕ್ಕನ್ನು ನಡುವಿನ ಕಡ್ಡಿ ಹಿಡಿದು ಎಳೆದು, ಹಿಂದಿನ ದಾರದ ಉಂಡೆಯನ್ನು ಚಿಮಟದಿಂದ ತೆಗೆಯಿರಿ. ಹುಕ್ಕಿನ ತುದಿಯ ಮೇಲೆ ಉಗುರು ಆಡಿಸಿ. ಉಗುರಿಗೆ ತರಿ ಸಿಕ್ಕಿದರೆ ಅತಿ ಸಣ್ಣ ಉಜ್ಜುಕಾಗದದಿಂದ ನಯ ಮಾಡಬೇಕು, ಇಲ್ಲದಿದ್ದರೆ ದಾರ ಹರಿಯುತ್ತಲೇ ಇರುತ್ತದೆ.

ಅಂಟಿದ ಎಣ್ಣೆಗೆ ಮದ್ದು ತಾಳ್ಮೆ. ಕದಲುವ ಪ್ರತಿ ಕೀಲಿಗೂ ಎರಡು ಹನಿ ಸೀಮೆಎಣ್ಣೆ ಬಿಟ್ಟು, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಚಕ್ರವನ್ನು ಹಿಂದೆ ಮುಂದೆ ಆಡಿಸುತ್ತ ಬನ್ನಿ. ಬಲವಂತ ಮಾಡಬೇಡಿ. ಸಡಿಲವಾದ ಮೇಲೆ ಕೊಳೆ ಒರೆಸಿ, ಹೊಲಿಗೆ ಮಿಷನ್ ಎಣ್ಣೆಯನ್ನೇ ಹಾಕಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅದು ಚಳಿಗೆ ಹೆಪ್ಪುಗಟ್ಟುತ್ತದೆ, ಆಮೇಲೆ ಅಂಟಾಗುತ್ತದೆ. ಚಿನ್ನದ ಬಣ್ಣದ ಚಿತ್ರಗಳಿರುವಲ್ಲಿ ಸ್ಪಿರಿಟ್ ಸೋಕಿಸಬಾರದು, ಬಟ್ಟೆಗೆ ಎಣ್ಣೆ ಹಚ್ಚಿ ಉಜ್ಜಿದರೆ ಸಾಕು.

ಚಕ್ರದ ನಡುವಿನ ಗುಂಡಿ ಎಷ್ಟು ಬಿಗಿದರೂ ಸೂಜಿ ಏಳದಿದ್ದರೆ, ಅಥವಾ ಅದನ್ನು ಸಡಿಲಿಸಿ ಬಾಬಿನ್ ಸುತ್ತುವಾಗಲೂ ಸೂಜಿ ಆಡುತ್ತಿದ್ದರೆ, ಮಿಷನ್ ಕೆಟ್ಟಿದೆ ಎಂದು ಕೈಬಿಡಬೇಡಿ. ಗುಂಡಿಯ ಸಣ್ಣ ಸ್ಕ್ರೂ ಸಡಿಲಿಸಿ ಬಿಚ್ಚಿದರೆ ಒಳಗೆ ಕಿವಿಗಳಿರುವ ಒಂದು ವಾಷರ್ ಇದೆ. ಅದರ ಒಳಗಿನ ಎರಡು ಕಿವಿಗಳು ಹೊರಮುಖವಾಗಿ ಬಾಗಿರಬೇಕು. ಉಲ್ಟಾ ಕೂತಿದ್ದರೆ ಹೀಗಾಗುತ್ತದೆ. ಸರಿಯಾಗಿಯೇ ಇದ್ದೂ ಗುಂಡಿಯ ಸ್ಕ್ರೂ ಅಡ್ಡ ಬಂದರೆ ವಾಷರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ. ಎಷ್ಟೋ ‘ಕೆಟ್ಟ’ ಮಿಷನ್‌ಗಳ ರೋಗ ಇಷ್ಟೇ.

ಟೆನ್ಷನ್, ಅಂದರೆ ಮೇಲಿನ ದಾರದ ಬಿಗಿ ಹೊಂದಿಸುವ ಭಾಗ, ಈ ಮಿಷನ್‌ನಲ್ಲಿ ಎಡಗಡೆಯ ಮುಖದ ಪ್ಲೇಟಿನ ಮೇಲಿದೆ. ಫೂಟ್ ಇಳಿಸಿ ದಾರ ಎಳೆದರೆ ಬಿಗಿ ಬರಬೇಕು, ಎತ್ತಿ ಎಳೆದರೆ ಸಲೀಸಾಗಿ ಬರಬೇಕು. ಎತ್ತಿದಾಗಲೂ ಬಿಗಿಯಿದ್ದರೆ ಒಳಗಿನ ಕಡ್ಡಿ ಕಾಣೆಯಾಗಿದೆ, ಇಲ್ಲವೇ ಜೋಡಿಸುವಾಗ ಯಾರೋ ಕ್ರಮ ತಪ್ಪಿಸಿದ್ದಾರೆ. ಬಿಚ್ಚುವ ಮುಂಚೆ ಫೋಟೋ ತೆಗೆದುಕೊಳ್ಳಿ. ಟೆನ್ಷನ್‌ನ ತಟ್ಟೆಗಳ ನಡುವೆ ತೆಳು ಬಟ್ಟೆ ತೂರಿಸಿ ಉಜ್ಜಿದರೆ ದಾರದ ಧೂಳು ಹೋಗುತ್ತದೆ. ಬಟ್ಟೆಯ ಕೆಳಗಡೆ ದಾರ ಗೋಜಲಾದರೆ ಎಲ್ಲರೂ ಬಾಬಿನ್ ಸ್ಕ್ರೂಗೆ ಕೈ ಹಾಕುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಬಾಬಿನ್ ಕೇಸನ್ನು ದಾರದಲ್ಲಿ ತೂಗುಬಿಟ್ಟು ಮೆಲ್ಲಗೆ ಜಗ್ಗಿದಾಗ ಒಂದೆರಡು ಇಂಚು ಇಳಿದು ನಿಂತರೆ ಅದರ ಸ್ಕ್ರೂ ಮುಟ್ಟುವ ಅಗತ್ಯವಿಲ್ಲ.

ಸೂಜಿ ಎಚ್‌ಎ ಎಕ್ಸ್ 1. ಅಂಗಡಿಯವರು ಡಿಬಿ ಎಕ್ಸ್ 1 ಕೊಟ್ಟರೆ ಹಿಂದಿರುಗಿಸಿ, ಅದು ಗಾರ್ಮೆಂಟ್ಸ್‌ನ ಪವರ್ ಮಿಷನ್‌ನದು, ಬುಡ ದುಂಡಗಿರುತ್ತದೆ. ನಮ್ಮದರಲ್ಲಿ ಚಪ್ಪಟೆ ಬದಿ ಎಡಕ್ಕೆ, ದಾರ ಬಲದಿಂದ ಎಡಕ್ಕೆ. ಇತ್ತೀಚಿನ ಮಿಷನ್ ಬಳಸಿದವರು ರೂಢಿಯಿಂದ ಮುಂದಿನಿಂದ ಹಿಂದಕ್ಕೆ ಪೋಣಿಸುತ್ತಾರೆ, ಒಂದು ಹೊಲಿಗೆಯೂ ಬೀಳುವುದಿಲ್ಲ. ಸೂಜಿಯ ನಂಬರು ರೇಷ್ಮೆಗೆ 11, ಹತ್ತಿಗೆ 14, ಜೀನ್ಸ್‌ಗೆ 16.

ಇನ್ನು ಕರೆಂಟು. ಹಣ ಹೋಗುವುದು ಇಲ್ಲೇ. ಅಮೆರಿಕದಿಂದ ಬಂದದ್ದರ ಮೋಟಾರ್, ಬಲ್ಬ್ ಎರಡೂ 110 ವೋಲ್ಟಿನವು. 230ಕ್ಕೆ ನೇರ ಚುಚ್ಚಿದರೆ ಸುಟ್ಟು ಹೋಗುತ್ತವೆ. ಮೋಟಾರಿನ ತಟ್ಟೆಯಲ್ಲಿ 1.3 ಆಂಪ್ ಎಂದಿದ್ದರೆ ಸುಮಾರು 140 ವ್ಯಾಟ್. 230ನ್ನು 110ಕ್ಕೆ ಇಳಿಸುವ 300 ವಿಎ (ವೋಲ್ಟ್-ಆಂಪ್) ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಧಾರಾಳ ಸಾಕು. ಆದರೆ ಹಳೆಯ ರಬ್ಬರ್ ವೈರು ಬಗ್ಗಿಸಿದರೆ ಪುಡಿಯಾಗುತ್ತದೆ, ಅದನ್ನು ಬದಲಿಸದೆ ಪ್ಲಗ್ ಹಾಕಲೇಬಾರದು. ಊರಲ್ಲೇ ಬಳಸುವವರು ಆ ಮೋಟಾರ್ ಬಿಚ್ಚಿಟ್ಟು, ಅದೇ ಜಾಗಕ್ಕೆ ಇಲ್ಲಿನ 230 ವೋಲ್ಟ್ ಮೋಟಾರ್ ಹಾಕಿಕೊಳ್ಳುವುದು ಜಾಣತನ. ತುಳಿಯುವ ಸ್ಟ್ಯಾಂಡಿಗೂ ಕೂರಿಸಬಹುದು. ಮಿಷನ್‌ನ ಹಾಸು (ತಳ) ಸುಮಾರು 14½ ಇಂಚು ಉದ್ದ, 7 ಇಂಚು ಅಗಲ, ನಮ್ಮ ಸ್ಟ್ಯಾಂಡಿನ ಕಂಡಿಗೆ ಸರಿ. ಕೈಯಿಂದ ತಿರುಗಿಸುವ ಕೈಹಿಡಿ ಹಾಕಬೇಕೆಂದರೆ ಮಾತ್ರ ಚಕ್ರದಲ್ಲಿ ಅರ ಇರಬೇಕು. ಮುಚ್ಚಿದ ಗಟ್ಟಿ ಚಕ್ರಕ್ಕೆ ಕೈಹಿಡಿ ಕಚ್ಚಿಕೊಳ್ಳುವುದಿಲ್ಲ.

ಇದು ನೇರ ಹೊಲಿಗೆಯ ಮಿಷನ್. ರವಿಕೆ, ಲಂಗ, ಪರದೆ, ಚೀಲ, ಕೌದಿಗೆ ಇದರಷ್ಟು ಅಚ್ಚುಕಟ್ಟು ಹೊಲಿಗೆ ಈಗಿನ ಅಗ್ಗದ ಪ್ಲಾಸ್ಟಿಕ್ ಮಿಷನ್‌ಗಳಲ್ಲಿ ಬೀಳದು. ಟೀ ಶರ್ಟಿನ ಜಗ್ಗುವ ಬಟ್ಟೆಗೆ ಇದನ್ನು ಕೊಳ್ಳಬೇಡಿ, ಎಳೆದರೆ ಹೊಲಿಗೆ ಹರಿಯುತ್ತದೆ. ಜಿಗ್‌ಜಾಗ್ ಬೇಕೆಂದರೆ ಅದೇ ದಶಕದ ಜಪಾನಿನದೇ ಸಿಗುತ್ತದೆ, ಆದರೆ ಸೂಜಿ ಅಡ್ಡ ಆಡುವ ಭಾಗವೇ ಮೊದಲು ಅಂಟುವುದು. ಅಂಗಡಿಯಲ್ಲೇ ಹೊಲಿಗೆಯ ಅಗಲ ಹೊಂದಿಸುವ ಲಿವರ್ ಕದಲುತ್ತದೆಯೇ ನೋಡಿ. 1970ರ ದಶಕದವಾದರೆ ಮುಚ್ಚಳ ತೆಗೆಸಿ ಗೇರ್ ಲೋಹದ್ದೋ ಪ್ಲಾಸ್ಟಿಕ್ಕೋ ಎಂದು ಖಾತ್ರಿ ಮಾಡಿಕೊಂಡೇ ದುಡ್ಡು ಕೊಡಿ.