ಕರಾಮಾ, ಶಾರ್ಜಾ, ಅಜ್ಮಾನ್: ಮೂರೂ ಕಡೆ ಇದ್ದು ನೋಡಿದ ಮೇಲೆ

2023ರ ಮಾರ್ಚ್‌ನಲ್ಲಿ ಮನೆ ಮಾಲೀಕರ ಪತ್ರ ಬಂತು. ದುಬೈನಲ್ಲಿ ಬಾಡಿಗೆ ಏರಿಸಬೇಕಾದರೆ ಕರಾರು ಮುಗಿಯೋದಕ್ಕೆ 90 ದಿನ ಮೊದಲೇ ತಿಳಿಸಬೇಕು. ಅವರು ಸರಿಯಾಗಿ ಅಷ್ಟು ಮೊದಲೇ ತಿಳಿಸಿದ್ದರು. ದುಬೈನ ಕರಾಮಾದಲ್ಲಿದ್ದ ನಮ್ಮ ಒಂದು ಬೆಡ್‌ರೂಮಿನ ಮನೆಗೆ ವರ್ಷಕ್ಕೆ 45,000 ದಿರ್ಹಮ್ ಇತ್ತು. ಇನ್ನು ಮುಂದೆ 51,750 ಅಂತ ಬರೆದಿತ್ತು. ಆ ರಾತ್ರಿ ಇವರು, ಅಂದರೆ ನನ್ನ ಗಂಡ, ದುಬೈನ ಮನೆ ಬಾಡಿಗೆ ನಿಯಮ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ರೇರಾದ ಕ್ಯಾಲ್ಕುಲೇಟರಿನಲ್ಲಿ ಹಾಕಿ ನೋಡಿದರು. ಸುತ್ತಮುತ್ತಲಿನ ಬಾಡಿಗೆಗಿಂತ ನಮ್ಮದು ಎಷ್ಟು ಕಮ್ಮಿ ಇದೆಯೋ ಅದನ್ನು ನೋಡಿಕೊಂಡು ಶೇಕಡಾ 5ರಿಂದ 20ರವರೆಗೆ ಏರಿಸೋಕೆ ಅವಕಾಶ ಇದೆ. ನಮ್ಮದಕ್ಕೆ 15 ಅಂತ ತೋರಿಸಿತು. ಪತ್ರದಲ್ಲಿ ಇದ್ದದ್ದೂ ಅಷ್ಟೇ. ಜಗಳ ಆಡೋಕೆ ದಾರಿಯೇ ಇರಲಿಲ್ಲ.

ದುಬೈ ಬಿಟ್ಟು ಪಕ್ಕದ ಶಾರ್ಜಾಕ್ಕೋ, ಅದರಾಚೆಯ ಅಜ್ಮಾನ್‌ಗೋ ಹೋಗುವವರೆಲ್ಲ ಬಾಡಿಗೆ ಅಂತಲೇ ಹೇಳುತ್ತಾರೆ. ನಿಜ. ಆದರೆ ಬಾಡಿಗೆಯ ಜೊತೆ ಇನ್ನೂ ನಾಲ್ಕು ಖರ್ಚು ಅಂಟಿಕೊಂಡಿರುತ್ತದೆ. ದುಬೈನಲ್ಲಿ ವರ್ಷದ ಬಾಡಿಗೆಯ ಶೇಕಡಾ 5ರಷ್ಟು ಹೌಸಿಂಗ್ ಫೀ ಅಂತ ನೀರು, ಕರೆಂಟಿನ ಬಿಲ್ಲಿನಲ್ಲೇ ಬರುತ್ತದೆ. ನಮಗೆ ಅದು ತಿಂಗಳಿಗೆ ಹತ್ತಿರ ಹತ್ತಿರ 190 ಇತ್ತು. ಬಾಡಿಗೆ ಏರಿದರೆ ಅದೂ ಏರುತ್ತದೆ. ಬೇರೆ ಮನೆ ಹುಡುಕೋಣ ಅಂದರೆ ಏಜೆಂಟ್ ಕಮಿಷನ್, ಡೆಪಾಸಿಟ್, ಎರಡೋ ನಾಲ್ಕೋ ಚೆಕ್‌ನಲ್ಲಿ ಇಡೀ ವರ್ಷದ ದುಡ್ಡು. ಮಗಳಿಗೆ ಆಗ ಏಳು ವರ್ಷ. ಅವಳು ಹಾಲ್‌ನಲ್ಲಿ ಸೋಫಾ ಪಕ್ಕ ಹಾಸಿಗೆ ಹಾಕಿ ಮಲಗುತ್ತಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ತಾನೇ ಹಾಸಿಗೆ ಸುತ್ತಿ ಬಾಗಿಲ ಹಿಂದೆ ನಿಲ್ಲಿಸುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ನಾವು ಮನೆ ಬಿಡೋಕೆ ನಿಜವಾದ ಕಾರಣ ಆ ಹಾಸಿಗೆ.

ಹಾಗಂತ ಕರಾಮಾವನ್ನು ಹಗುರವಾಗಿ ಮಾತಾಡೋಕೆ ನನಗೆ ಮನಸ್ಸಿಲ್ಲ. ಇವರ ಆಫೀಸು ದುಬೈನ ಆ ತುದಿಯ ಜೆಬೆಲ್ ಅಲಿಯಲ್ಲಿ, ನನ್ನದು ಶಾರ್ಜಾ ಕಡೆಯ ದೇರಾದಲ್ಲಿ. ನಮ್ಮ ಹತ್ತಿರ ಕಾರೇ ಇರಲಿಲ್ಲ, ಬೇಕು ಅಂತಲೂ ಅನ್ನಿಸಿರಲಿಲ್ಲ. ಎಡಿಸಿಬಿ ಮೆಟ್ರೋ ಸ್ಟೇಷನ್‌ಗೆ ನಡೆದು ಹೋಗಿ ರೆಡ್ ಲೈನ್ ಹತ್ತಿದರೆ ನಾನು ಯೂನಿಯನ್‌ನಲ್ಲಿ ಇಳಿಯುತ್ತಿದ್ದೆ. ಇವರು ಆ ಕಡೆಯ ರೈಲು ಹಿಡಿದು, ಸೀಟು ಸಿಕ್ಕರೆ ಒಂದು ಸಣ್ಣ ನಿದ್ದೆ ಮುಗಿಸಿ ಜೆಬೆಲ್ ಅಲಿಯಲ್ಲಿ ಏಳುತ್ತಿದ್ದರು. ತಿಂಗಳ ಪಾಸಿಗೆ 350. ಜುಲೈ ಬಿಸಿಲಲ್ಲೂ ಬಸ್ ಸ್ಟಾಪಿನೊಳಗೆ ಎಸಿ. ರಾತ್ರಿ ಹತ್ತಕ್ಕೆ ಒಬ್ಬಳೇ ಮಗಳ ಕೈ ಹಿಡಿದು ಔಷಧಿ ತರೋಕೆ ಹೋಗಿದ್ದೇನೆ, ಒಮ್ಮೆಯೂ ಹಿಂದೆ ತಿರುಗಿ ನೋಡಿಲ್ಲ. ಊರಿಂದ ಬಂದ ಹೊಸದರಲ್ಲಿ ಈ ಶಿಸ್ತು ನೋಡಿ ಆಶ್ಚರ್ಯ ಆಗುತ್ತದೆ. ಆಮೇಲೆ ಅದು ಮೈಗೆ ಒಗ್ಗಿ ಹೋಗುತ್ತದೆ. ಅದರ ಬೆಲೆ ಗೊತ್ತಾಗೋದು ಬಿಟ್ಟು ಹೋದ ಮೇಲೆ.

ಜೂನ್‌ನಲ್ಲಿ ಶಾರ್ಜಾದ ಅಲ್ ನಹ್ದಾಕ್ಕೆ ಬಂದೆವು. ದುಬೈನಲ್ಲೂ ಅಲ್ ನಹ್ದಾ ಇದೆ, ಶಾರ್ಜಾದಲ್ಲೂ ಇದೆ. ನಮ್ಮ ಬಾಲ್ಕನಿಯಲ್ಲಿ ನಿಂತರೆ ಎದುರಿಗೆ ಕಾಣೋ ಬಿಲ್ಡಿಂಗ್‌ಗಳು ದುಬೈನವು. ಅಲ್ಲಿ ಎರಡು ಬೆಡ್‌ರೂಮಿಗೆ ನಮ್ಮ ಹತ್ತಿರ ಇಲ್ಲಿಗಿಂತ ವರ್ಷಕ್ಕೆ 20,000ಕ್ಕೂ ಹೆಚ್ಚು ಜಾಸ್ತಿ ಕೇಳಿದ್ದರು. ಇಲ್ಲಿ 38,000ಕ್ಕೆ ಸಿಕ್ಕಿತು, ಆರು ಚೆಕ್. ಮೊದಲ ದಿನ ಮಗಳು ತನ್ನ ಕೋಣೆಯ ಬಾಗಿಲನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು.

ಈಗ ಲೆಕ್ಕ ಹೇಳುತ್ತೇನೆ. ಕರಾಮಾದಲ್ಲೇ ಉಳಿದಿದ್ದರೆ ಹೌಸಿಂಗ್ ಫೀ ಸೇರಿ ವರ್ಷಕ್ಕೆ 54,000 ದಾಟುತ್ತಿತ್ತು. ಅಂದರೆ 16,000 ಉಳಿಯಿತು ಅಂತ ನಾವು ಖುಷಿಪಟ್ಟೆವು. ಆದರೆ ಜೆಬೆಲ್ ಅಲಿಗೆ ಹೋಗೋಕೆ ಈಗ ಕಾರು ಬೇಕೇ ಬೇಕು. ಹಳೇ ಕಾರು ತಗೊಂಡೆವು. ಹೋಗಿ ಬರೋಕೆ ದಿನಕ್ಕೆ 100 ಕಿಲೋಮೀಟರ್ ಮೇಲೆ. ಇವರು ಶಾರ್ಜಾದಿಂದ ದುಬೈಗೆ ಹೋಗುವ ಇತ್ತಿಹಾದ್ ರೋಡ್ ಬಿಟ್ಟು ಇ311 ಹೆದ್ದಾರಿಯಲ್ಲಿ ಹೋಗುತ್ತಾರೆ, ಅಲ್ಲಿ ದುಬೈನ ಸಾಲಿಕ್ ಟೋಲ್ ಇಲ್ಲ. ಆದರೂ ಪೆಟ್ರೋಲೇ ವರ್ಷಕ್ಕೆ 6,000 ದಾಟಿತು. ಇನ್ಶೂರೆನ್ಸ್, ಟೈರು, ಸರ್ವಿಸ್ ಬೇರೆ. ಕೊನೆಗೆ ಕೈಯಲ್ಲಿ ಉಳಿದದ್ದು ಐದಾರು ಸಾವಿರ. ಅಷ್ಟಕ್ಕೆ ಇವರು ಬೆಳಿಗ್ಗೆ 5.40ಕ್ಕೆ ಮನೆ ಬಿಡುತ್ತಾರೆ. ವಾಪಸ್ ಬರೋಕೆ ಒಂದೂಮುಕ್ಕಾಲು ಗಂಟೆ. ರೈಲಿನಲ್ಲಿ ಮಲಗಿ ಹೋಗುತ್ತಿದ್ದ ಮನುಷ್ಯ ಈಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಕೂರುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ಬಲ ಮಂಡಿ ಉಜ್ಜಿಕೊಳ್ಳೋದನ್ನು ನೋಡುತ್ತೇನೆ. ಆ 16,000ದ ಬಹುಪಾಲನ್ನು ಕಟ್ಟುತ್ತಿರೋದು ಅವರ ಮಂಡಿ.

ನನಗೆ ಅಷ್ಟು ಕಷ್ಟ ಇಲ್ಲ. ನಮ್ಮ ಬಿಲ್ಡಿಂಗಿನಲ್ಲೇ ಇರುವ ಸಹೋದ್ಯೋಗಿ ಒಬ್ಬರ ಕಾರಿನಲ್ಲಿ ಹೋಗುತ್ತೇನೆ, ಅವರು ಕುಸೈಸ್‌ನ ಎತಿಸಲಾತ್ ಮೆಟ್ರೋ ಸ್ಟೇಷನ್‌ನಲ್ಲಿ ಕಾರು ನಿಲ್ಲಿಸುತ್ತಾರೆ. ಮೆಟ್ರೋ ಹತ್ತುವವರಿಗೆ ಅಲ್ಲಿ ಪಾರ್ಕಿಂಗ್ ಉಚಿತ. ಒಳರಸ್ತೆಯಲ್ಲಿ ಕುಸೈಸ್‌ಗೆ ಹೋದರೆ ಟೋಲೂ ಇಲ್ಲ. ಅಲ್ಲಿಂದ ಗ್ರೀನ್ ಲೈನ್. ಇತ್ತಿಹಾದ್ ರೋಡ್ ಮೇಲೆ ಮಮ್ಜರ್ ಗೇಟು, ಆಮೇಲೆ ಗರ್ಹೂದ್ ಸೇತುವೆಯ ಗೇಟು ದಾಟಿ ದಿನಾ ಹೋಗುವವರಿಗೆ 2025ರ ಜನವರಿ ಕೊನೆಯಿಂದ ಬೆಳಿಗ್ಗೆ, ಸಂಜೆ ರಷ್ ಹೊತ್ತಿನಲ್ಲಿ ಒಂದೊಂದು ಗೇಟಿಗೆ 4ರ ಬದಲು 6 ದಿರ್ಹಮ್. ಹೋಗಿ ಬಂದರೆ 24. ತಿಂಗಳಿಗೆ 500 ದಾಟುತ್ತದೆ. ಶಾರ್ಜಾಕ್ಕೆ ಬರುವ ಯೋಚನೆ ಇದ್ದರೆ ಇದನ್ನು ಬಾಡಿಗೆಗೆ ಸೇರಿಸಿಯೇ ನೋಡಿ.

ನಾವು ಯೋಚಿಸಿರದ ಇನ್ನೊಂದು ವಿಷಯ ಶುಕ್ರವಾರ. 2022ರಿಂದ ಶಾರ್ಜಾದಲ್ಲಿ ಶುಕ್ರ, ಶನಿ, ಭಾನು ಮೂರು ದಿನ ರಜೆ. ಶಾಲೆಗಳಿಗೂ ಅಷ್ಟೇ. ದುಬೈ ಆಫೀಸಿನವರಾದ ನಮಗೆ ಶುಕ್ರವಾರ ಕೆಲಸ. ಫೀಸು ಕಮ್ಮಿ ಅಂತ ಮಗಳನ್ನು ಇಲ್ಲಿನ ಶಾಲೆಗೆ ಹಾಕಿದೆವು, ಪ್ರತಿ ಶುಕ್ರವಾರ ಅವಳನ್ನು ಎಲ್ಲಿ ಬಿಡೋದು ಅಂತ ಮಾತ್ರ ಹೊಳೆಯಲೇ ಇಲ್ಲ. ಮೂರನೇ ಮಹಡಿಯ ಮಂಗಳೂರಿನ ಆಂಟಿ ಒಬ್ಬರು ಕೈ ಹಿಡಿದರು. ಮಗಳು ಈಗ ಅವರ ಮನೆಯಲ್ಲಿ ನೀರ್ ದೋಸೆ ಹುಯ್ಯೋದನ್ನು ಕಲಿತಿದ್ದಾಳೆ. ಕರಾಮಾದಲ್ಲಿ ನಾಲ್ಕು ವರ್ಷ ಇದ್ದರೂ ಪಕ್ಕದ ಮನೆಯವರ ಹೆಸರು ನನಗೆ ಗೊತ್ತಿರಲಿಲ್ಲ.

2024ರ ಏಪ್ರಿಲ್ 16ರ ಮಳೆ ನೆನಪಿದೆಯಲ್ವಾ? 75 ವರ್ಷಗಳ ದಾಖಲೆಯಲ್ಲೇ ಅಂಥ ಮಳೆ ಈ ದೇಶದಲ್ಲಿ ಬಿದ್ದಿರಲಿಲ್ಲ. ದುಬೈಯೂ ಮುಳುಗಿತ್ತು. ಆದರೆ ಅಲ್ಲಿನ ಗೆಳತಿಯ ಬೀದಿಯಲ್ಲಿ ಎರಡನೇ ದಿನವೇ ಪಂಪು ಬಂದು ನೀರು ಎಳೆಯಿತು. ನಮ್ಮ ಓಣಿಯಲ್ಲಿ ನಾಲ್ಕು ದಿನ ಮೊಣಕಾಲುದ್ದ ನೀರು. ಲಿಫ್ಟ್ ಇಲ್ಲ, ನಲ್ಲಿಯಲ್ಲಿ ನೀರಿಲ್ಲ. ಒಂಬತ್ತನೇ ಮಹಡಿಗೆ ಐದು ಲೀಟರಿನ ಕ್ಯಾನುಗಳನ್ನು ಹೊತ್ತೆವು. ನಾತೂರ್, ಅಂದರೆ ನಮ್ಮ ವಾಚ್‌ಮನ್, ಪ್ರತಿ ಮನೆಯ ಬಾಗಿಲು ತಟ್ಟಿ ವಯಸ್ಸಾದವರಿಗೆ ಏನು ಬೇಕು ಅಂತ ಕೇಳಿಕೊಂಡು ಹೋಗುತ್ತಿದ್ದ. ಆ ನಾಲ್ಕು ದಿನ ನಾನು ಕರಾಮಾವನ್ನು ನೆನೆಸಿಕೊಂಡು ಅತ್ತಿದ್ದೇನೆ.

ಅಜ್ಮಾನ್‌ನಲ್ಲಿ ನಾವಿದ್ದದ್ದು ಎರಡೇ ತಿಂಗಳು. ಅದೇ ವರ್ಷ ಜುಲೈ, ಆಗಸ್ಟ್‌ನಲ್ಲಿ ದೊಡ್ಡಮ್ಮನ ಮಗ ಅಣ್ಣ, ಅತ್ತಿಗೆ ರಜೆಗೆ ಊರಿಗೆ ಹೋದರು. ನುಐಮಿಯಾದ ಅವರ ಮನೆ ನೋಡಿಕೊಳ್ಳೋಕೆ ನಾವು ಹೋದೆವು. ನಮ್ಮದಕ್ಕಿಂತ ದೊಡ್ಡ ಹಾಲ್, ಬಾಡಿಗೆ 30,000. ಸಂಜೆ ಮೀನು ಮಾರ್ಕೆಟಿನಲ್ಲಿ ದೋಣಿಯಿಂದ ಇಳಿದ ಮೀನಿನ ಹರಾಜು ನಡೆಯುತ್ತದೆ. ಅಂಜಲ್, ಬಂಗುಡೆ ಕಣ್ಣೆದುರೇ ರಾಶಿ ಬೀಳುತ್ತದೆ. ಕುಂದಾಪುರದ ಕಡೆಯವಳು ನಾನು, ಆ ವಾಸನೆಗೇ ಅರ್ಧ ಮನಸ್ಸು ಸೋತಿತ್ತು. ಆದರೆ ಶಾಲೆಗೆ ರಜೆ ಇದ್ದು ರಸ್ತೆ ಖಾಲಿ ಇರುವ ಆ ತಿಂಗಳಲ್ಲೇ ಇವರಿಗೆ ಅಲ್ಲಿಂದ ಜೆಬೆಲ್ ಅಲಿಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಎಷ್ಟಾಗುತ್ತದೆ ಅಂತ ಕೇಳಲೂ ಇಲ್ಲ. ಅಜ್ಮಾನ್ ಅಜ್ಮಾನ್‌ನಲ್ಲೇ ಕೆಲಸ ಇರುವವರಿಗೆ ಚಂದ. ಇಲ್ಲಾ, ಮನೆಯಿಂದಲೇ ಕೆಲಸ ಮಾಡುವವರಿಗೆ.

ನನ್ನನ್ನು ಕೇಳಿದರೆ, ದೇರಾ, ಕುಸೈಸ್, ಏರ್‌ಪೋರ್ಟ್ ಕಡೆ ಕೆಲಸ ಇದ್ದು ಮಕ್ಕಳಿರುವವರಿಗೆ ಶಾರ್ಜಾದ ನಹ್ದಾವೇ ಸರಿ. 2024ರಲ್ಲಿ ಬಂದ ಶಾರ್ಜಾದ ಹೊಸ ಕಾನೂನಿನಲ್ಲಿ ಕರಾರು ಶುರುವಾಗಿ ಮೂರು ವರ್ಷ ಬಾಡಿಗೆ ಏರಿಸುವಂತಿಲ್ಲ, ಅದು ದೊಡ್ಡ ಧೈರ್ಯ. ಕರಾರನ್ನು ಮುನ್ಸಿಪಾಲಿಟಿಯಲ್ಲಿ ದೃಢೀಕರಿಸಿಕೊಳ್ಳೋದನ್ನು ಮರೀಬೇಡಿ. ಇಬ್ಬರಲ್ಲಿ ಒಬ್ಬರ ಕೆಲಸ ಜೆಬೆಲ್ ಅಲಿಯಲ್ಲಿದ್ದರೆ ದುಬೈನಲ್ಲೇ ಮೆಟ್ರೋ ಹತ್ತಿರ ಚಿಕ್ಕ ಮನೆ ಹಿಡಿಯಿರಿ. ನಾವು ಹಾಗೆ ಮಾಡಲಿಲ್ಲ. ಮಗಳ ಕೋಣೆಯನ್ನು ವಾಪಸ್ ಕಿತ್ತುಕೊಳ್ಳೋಕೆ ಇವರು ಒಪ್ಪುತ್ತಿಲ್ಲ. ಇವರು ಜೆಬೆಲ್ ಅಲಿ ಬಿಟ್ಟು ಈ ಕಡೆ ಕೆಲಸ ಹುಡುಕುತ್ತಿದ್ದಾರೆ.

ಮನೆ ನೋಡೋಕೆ ಎಲ್ಲರೂ ರಜೆ ದಿನವೇ ಹೋಗುತ್ತಾರೆ. ನಾವೂ ಹಾಗೇ ಹೋಗಿದ್ದೆವು, ದೇರಾದಿಂದ 20 ನಿಮಿಷಕ್ಕೆ ತಲುಪಿದ್ದೆವು. ಚೆಕ್ ಕೊಡೋ ಮೊದಲು ಒಂದು ಸೋಮವಾರ ಬೆಳಿಗ್ಗೆ ಆರೂವರೆಗೆ ಆ ಬಿಲ್ಡಿಂಗಿನ ಕೆಳಗೆ ನಿಂತು, ಅಲ್ಲಿಂದ ನಿಮ್ಮ ಆಫೀಸಿಗೆ ಹೋಗಿ ನೋಡಿ. ಸಂಜೆ ಆರಕ್ಕೆ ವಾಪಸ್ ಬನ್ನಿ.