ಬ್ರಹ್ಮವೋ ಕೊಚ್ಚಿನ್ನೋ: ಜಮಖಂಡಿಯ ಬಿಸಿಲಿನಲ್ಲಿ ಮೂರು ವರ್ಷ

ಜಮಖಂಡಿ ತಾಲ್ಲೂಕಿನ ನಮ್ಮ ಹೊಲದ ಮನೆಯಲ್ಲಿ ಬ್ರಹ್ಮ ಮತ್ತು ಕೊಚ್ಚಿನ್ ಕೋಳಿ ತಳಿಗಳನ್ನು ಮೂರು ವರ್ಷದಿಂದ ಅಕ್ಕಪಕ್ಕದ ಗೂಡುಗಳಲ್ಲಿ ಸಾಕಿದ್ದೇನೆ. ಒಂದೇ ಕಾಳು, ಒಂದೇ ನೀರು, ಒಂದೇ ಬಿಸಿಲು. ಎರಡೂ ಪ್ರದರ್ಶನದ ಭಾರಿ ಕೋಳಿಗಳು, ಎರಡಕ್ಕೂ ಕಾಲ್ಬೆರಳಿನವರೆಗೆ ಗರಿ. ಮೊದಲ ಸಲ ನೋಡಿದ ಪಕ್ಕದ ಹೊಲದ ಅಜ್ಜ, "ಏನವ್ವಾ, ಧೋತರ ಉಟ್ಟ ಕೋಳಿ ತಂದಿದ್ದೀಯಲ್ಲ" ಎಂದಿದ್ದರು. ಆ ಹೆಸರೇ ನಮ್ಮ ಓಣಿಯಲ್ಲಿ ಉಳಿಯಿತು.

ಹೆಸರು ಕೇಳಿದವರು ಬ್ರಹ್ಮ ಉತ್ತರ ಭಾರತದ್ದು, ಕೊಚ್ಚಿನ್ ಕೇರಳದ್ದು ಎಂದುಕೊಳ್ಳುತ್ತಾರೆ. ಎರಡರ ಮೂಲವೂ ಚೀನಾದ ಶಾಂಘೈ ಬಂದರಿನಿಂದ ಹಡಗು ಹತ್ತಿದ ಕೋಳಿಗಳು. ಬ್ರಹ್ಮಕ್ಕೆ ಹೆಸರು ಬ್ರಹ್ಮಪುತ್ರಾ ನದಿಯಿಂದ ಬಂದಿದ್ದರೂ ತಳಿ ರೂಪುಗೊಂಡದ್ದು ಅಮೆರಿಕದಲ್ಲಿ. 1852ರಲ್ಲಿ ಅಲ್ಲಿಂದ ವಿಕ್ಟೋರಿಯಾ ರಾಣಿಗೆ ಒಂಬತ್ತು ಬ್ರಹ್ಮ ಕೋಳಿಗಳನ್ನು ಕಾಣಿಕೆಯಾಗಿ ಕಳುಹಿಸಿದ್ದರು. ಅಮೆರಿಕದ ಪ್ರದರ್ಶನ ಮಾನದಂಡದಲ್ಲಿ ಲೈಟ್ ಬ್ರಹ್ಮ (ತಿಳಿಬಣ್ಣದ ಬಗೆ) ಹುಂಜಕ್ಕೆ 12 ಪೌಂಡ್, ಅಂದರೆ ಸುಮಾರು 5.4 ಕಿಲೋ ತೂಕ. ಕೊಚ್ಚಿನ್ ಹುಂಜಕ್ಕೆ 11 ಪೌಂಡ್, ಸುಮಾರು 5 ಕಿಲೋ. ತೂಕದಲ್ಲಿ ಅಂತರ ಇಷ್ಟೇ. ನಮ್ಮ ಕಡೆ ಎರಡನ್ನೂ ಬೇರ್ಪಡಿಸುವುದು ಬೇಸಿಗೆ.

ಕೊಚ್ಚಿನ್ ಕೋಳಿಯ ಗರಿ ಹತ್ತಿಯ ಹಾಸಿಗೆಯಂತೆ ಸಡಿಲವಾಗಿ ಉಬ್ಬಿರುತ್ತದೆ. ಬೆನ್ನಿನ ಹಿಂಭಾಗ ದಿಂಬಿನಂತೆ ಏರಿ, ಹೊಟ್ಟೆಯ ಗರಿ ನೆಲಕ್ಕೆ ತಾಕುವಂತಿರುತ್ತದೆ. ಬ್ರಹ್ಮದ ಗರಿ ಅದಕ್ಕಿಂತ ಬಿಗಿ, ಕಾಲು ಉದ್ದ. ದೇಹ ನೆಲದಿಂದ ಎತ್ತರದಲ್ಲಿ ನಿಲ್ಲುವುದರಿಂದ ಹೊಟ್ಟೆಯ ಕೆಳಗೆ ಗಾಳಿ ಆಡುತ್ತದೆ. ಕೋಳಿ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟು, ಜುಟ್ಟು ಮತ್ತು ಗಲ್ಲದ ಕೆಳಗಿನ ಜೋಲುಮಾಂಸದ ಮೂಲಕ ಶಾಖ ಕಳೆಯುತ್ತದೆ. ಬ್ರಹ್ಮದ್ದು ತಲೆಗೆ ಅಂಟಿಕೊಂಡ ಮೂರು ಸಾಲಿನ ಗಿಡ್ಡ ಜುಟ್ಟು, ಕೊಚ್ಚಿನ್‌ದು ನೆಟ್ಟಗೆ ನಿಂತ ಒಂಟಿ ಜುಟ್ಟು. ಆ ಲೆಕ್ಕದಲ್ಲಿ ಕೊಚ್ಚಿನ್ ಬಿಸಿಲನ್ನು ಹೆಚ್ಚು ತಾಳಬೇಕು ಎಂದುಕೊಂಡಿದ್ದೆ. ಮೊದಲ ಏಪ್ರಿಲ್‌ನಲ್ಲೇ ಆ ಲೆಕ್ಕ ತಪ್ಪಿತು. 41 ಡಿಗ್ರಿಯ ಒಂದು ಮಧ್ಯಾಹ್ನ ನನ್ನ ಅತ್ಯುತ್ತಮ ಬಫ್ ಕೊಚ್ಚಿನ್ ಹೇಂಟೆ ರೆಕ್ಕೆ ಚೆಲ್ಲಿ ಮಲಗಿತು. ಒದ್ದೆ ಚೀಲದ ಮೇಲೆ ಇಟ್ಟು, ಕಾಲಿಗೆ ನೀರು ಹಾಕಿದರೂ ಸಂಜೆಯೊಳಗೆ ಸತ್ತುಹೋಯಿತು. ಪಕ್ಕದ ಗೂಡಿನ ಬ್ರಹ್ಮಗಳೂ ಏದುಸಿರು ಬಿಡುತ್ತಿದ್ದವು, ಆದರೆ ನಿಂತಿದ್ದವು. ಆ ಹೇಂಟೆಯ ನೆನಪು ಈಗಲೂ ಕಾಡುತ್ತದೆ. ಮುಂಚೆಯೇ ನೆರಳು ಹೆಚ್ಚಿಸಬೇಕಿತ್ತು.

ಆಮೇಲೆ ತಗಡಿನ ಮೇಲೆ ಕಬ್ಬಿನ ರವದಿಯನ್ನು ದಪ್ಪವಾಗಿ ಹೊದಿಸಿ, ಹನ್ನೊಂದು ಗಂಟೆಯಿಂದ ನೀರು ಚಿಮುಕಿಸತೊಡಗಿದೆ. ಮೇವನ್ನು ನಸುಕಿನಲ್ಲಿ ಮತ್ತು ಹೊತ್ತು ಮುಳುಗಿದ ಮೇಲೆ ಮಾತ್ರ ಕೊಡುತ್ತೇನೆ, ಏಕೆಂದರೆ ತಿಂದದ್ದು ಅರಗುವಾಗಲೂ ಮೈಯಲ್ಲಿ ಶಾಖ ಏಳುತ್ತದೆ. ನೀರು ಮಣ್ಣಿನ ಪಾತ್ರೆಯಲ್ಲೇ. ಇಷ್ಟು ಮಾಡಿದರೆ ಬ್ರಹ್ಮ ಬೇಸಿಗೆ ದಾಟುತ್ತದೆ. ಕೊಚ್ಚಿನ್ ದಾಟಬೇಕಾದರೆ ಮಧ್ಯಾಹ್ನವಿಡೀ ಒಬ್ಬರು ಮನೆಯಲ್ಲೇ ಇರಬೇಕು.

ಮರಿ ಮಾಡುವ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಆರು ಹೇಂಟೆಗಳಿಗೆ ಒಂದು ಹುಂಜ ಬಿಟ್ಟಿದ್ದೆ. ಮೊಟ್ಟೆ ಕಾವಿಗಿಟ್ಟ ಏಳನೆಯ ದಿನ ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಬ್ರಹ್ಮದ 20 ಮೊಟ್ಟೆಗಳಲ್ಲಿ 16ರಲ್ಲಿ ನರ ಮೂಡಿತ್ತು, ಅಂದರೆ ಅವು ಫಲಿಸಿದ್ದವು. ಕೊಚ್ಚಿನ್‌ದರಲ್ಲಿ 9 ಮಾತ್ರ. ಕಾರಣ ಹಿಂಭಾಗದ ಆ ದಟ್ಟ ಗರಿಯೇ, ಅದು ಕೂಡುವುದಕ್ಕೆ ಅಡ್ಡ ಬರುತ್ತದೆ. ಹುಂಜ ಮತ್ತು ಹೇಂಟೆ ಎರಡಕ್ಕೂ ಗುದದ ಸುತ್ತಲಿನ ಗರಿಯನ್ನು ಕತ್ತರಿಸಿದ ಮೇಲೆ ಮುಂದಿನ ಸಲ 15 ಮೊಟ್ಟೆ ಫಲಿಸಿದವು. ಆದರೆ ಗರಿ ಕತ್ತರಿಸಿದ ಕೋಳಿಯನ್ನು ಆ ಹಂಗಾಮಿನಲ್ಲಿ ಪ್ರದರ್ಶನಕ್ಕೆ ಒಯ್ಯಲಾಗದು. ಮರಿಗೆ ಒಂದು ಜೋಡಿ, ಪಂಜರಕ್ಕೆ ಒಂದು ಜೋಡಿ ಎಂದು ಎರಡು ಪಟ್ಟು ಕೋಳಿ ಸಾಕಬೇಕಾಗುತ್ತದೆ. ನನ್ನಂಥ ಸಣ್ಣ ಸಾಕಣೆಯವರಿಗೆ ಇದು ಕೈಗೆಟುಕುವ ಮಾತಲ್ಲ.

ಕಾವು ಕೂರುವುದರಲ್ಲಿ ಮಾತ್ರ ಕೊಚ್ಚಿನ್‌ಗೆ ಸಾಟಿಯಿಲ್ಲ. ಕೂತರೆ 21 ದಿನ ಕದಲುವುದಿಲ್ಲ, ಕೈ ಹಾಕಿದರೂ ಕುಕ್ಕುವುದಿಲ್ಲ, ಯಾರ ಮರಿಯಾದರೂ ರೆಕ್ಕೆಯೊಳಗೆ ಸೇರಿಸಿಕೊಳ್ಳುತ್ತದೆ. ಮೈಭಾರಕ್ಕೆ ಮೊದಲ ಸಲ ಎರಡು ಮೊಟ್ಟೆ ಒಡೆದವು. ಅಗಲ ಬುಟ್ಟಿಯಲ್ಲಿ ಮರಳು ಹಾಸಿ, ಮೇಲೆ ಮೆತ್ತಗೆ ಹುಲ್ಲು ಹರಡಿ, ಹತ್ತೇ ಮೊಟ್ಟೆ ಇಟ್ಟ ಮೇಲೆ ಆ ತೊಂದರೆ ಬರಲಿಲ್ಲ. ನಮ್ಮಲ್ಲಿ ಕರೆಂಟ್ ಹೋಗಿಬಂದು ಮಾಡುವುದರಿಂದ ಯಂತ್ರದಲ್ಲಿಟ್ಟ ಮೊಟ್ಟೆಗಿಂತ ಈ ತಾಯಿಯ ಕೆಳಗಿಟ್ಟ ಮೊಟ್ಟೆಯನ್ನೇ ನಂಬುತ್ತೇನೆ. ರಾಣಿಖೇತ ರೋಗದ ಲಸೊಟಾ ಲಸಿಕೆಯನ್ನು ಮರಿಗಳಿಗೆ ಮೊದಲ ವಾರದಲ್ಲೇ ಹಾಕಿಸುತ್ತೇನೆ. ಅದರಲ್ಲಿ ತಳಿಭೇದವಿಲ್ಲ.

ಕಾಲಿನ ಗರಿ ಎರಡಕ್ಕೂ ಸಮಾನ ಸಂಕಟ. ಮಳೆ ಬಂತೆಂದರೆ ಎರೆಮಣ್ಣು ಬೆರಳ ಗರಿಗೆ ಉಂಡೆಗಟ್ಟುತ್ತದೆ, ಒಣಗಿದ ಮೇಲೆ ಎಳೆದರೆ ಗರಿಯೇ ಕಿತ್ತುಬರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿಯೇ ಬಿಡಿಸಬೇಕು. ಬೆಳಗಾವಿಯಲ್ಲಿರುವ ಅಕ್ಕನಿಗೆ ಎರಡು ಕೊಚ್ಚಿನ್ ಕೊಟ್ಟಿದ್ದೆ. ಅಲ್ಲಿಯ ತಂಪು ಅವಕ್ಕೆ ಒಗ್ಗಿತು, ಮೈತುಂಬಿಕೊಂಡವು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸು ಒಣಗದೆ ಕಾಲಿಗೆ ಹುರುಪೆ ಹುಳ ಹತ್ತಿತು. ಅಕ್ಕ ವಾರಕ್ಕೆರಡು ಸಲ ಕೊಬ್ಬರಿ ಎಣ್ಣೆ ಸವರಿ ಗುಣಪಡಿಸಿದಳು. ಬೆಳಗಾವಿಯವರು ಯಾರಾದರೂ ಕೇಳಿದರೆ, ನೆಲಗಟ್ಟು ಎತ್ತರಿಸಿ ಒಣ ಹೊಟ್ಟು ಹಾಕಲು ಸಾಧ್ಯವಿದ್ದರೆ ಕೊಚ್ಚಿನ್ ಸಾಕಿ ಎನ್ನುತ್ತೇನೆ.

ತೂಕದ ಬಗ್ಗೆ ಒಂದು ಮಾತು. ಮೊದಲ ಪ್ರದರ್ಶನಕ್ಕೆ ನನ್ನಲ್ಲಿದ್ದ ಬ್ರಹ್ಮಗಳಲ್ಲಿ ಅತಿ ಭಾರದ ಹುಂಜವನ್ನೇ ಒಯ್ದಿದ್ದೆ. ತೀರ್ಪುಗಾರರು ಅದನ್ನು ಎತ್ತಿ, ಹಿಮ್ಮಂಡಿಯಿಂದ (ಕಾಲು ಹಿಂದಕ್ಕೆ ಬಾಗುವ ಕೀಲಿನಿಂದ) ಹಿಂದಕ್ಕೆ ಚಾಚಿದ್ದ ಗಟ್ಟಿ ಗರಿಗಳನ್ನು ಬೆರಳಿನಿಂದ ತೋರಿಸಿ, ಮಾತಾಡದೆ ಪಂಜರಕ್ಕೆ ಇಳಿಸಿದರು. ಹಿಮ್ಮಂಡಿಯ ಗರಿ ಮೆತ್ತಗೆ ಒಳಕ್ಕೆ ಬಾಗಿರಬೇಕು, ನಡುಬೆರಳಿಗೂ ಗರಿ ಇರಬೇಕು. ಇವೆರಡನ್ನೂ ನಾನು ನೋಡಿಯೇ ಇರಲಿಲ್ಲ. ಈಗ ಮರಿ ಆರಿಸುವಾಗ ಮೊದಲು ಕಾಲು, ಆಮೇಲೆ ಜುಟ್ಟು, ಆಮೇಲೆ ಎದೆಯ ಅಗಲ, ಕೊನೆಗೆ ತಕ್ಕಡಿ. ಅವಸರದಿಂದ ಕೊಬ್ಬಿಸಿದ ಮರಿಯ ಕಾಲು ಸೊಟ್ಟಾಗುತ್ತದೆ; ಬ್ರಹ್ಮ ಪೂರ್ತಿ ಮೈದುಂಬಲು ಒಂದೂವರೆ ವರ್ಷವಾದರೂ ಬೇಕು. ರಾತ್ರಿ ಕೂರುವ ಹತ್ತುಕೋಲನ್ನೂ ಒಂದಡಿಗಿಂತ ಎತ್ತರ ಇಡುವುದಿಲ್ಲ. ಈ ಭಾರದ ಕೋಳಿ ಮೇಲಿಂದ ಜಿಗಿದರೆ ಅಂಗಾಲು ಬಾತು ಕೀವಾಗುತ್ತದೆ.

ಬಿಸಿಲಿಗೆ ಅಸೀಲ್ ಎಂಬ ದೇಶಿ ತಳಿ ಸಾಕಬಾರದೇಕೆ ಎಂದು ಹಲವರು ಕೇಳಿದ್ದಾರೆ. ನಮ್ಮ ಹವೆಗೆ ಅದು ನಿಜಕ್ಕೂ ಒಗ್ಗುವ ಹಕ್ಕಿ. ಆದರೆ ನನ್ನ ಬಾಗಿಲಿಗೆ ಅಸೀಲ್ ಕೇಳಿಕೊಂಡು ಬಂದವರೆಲ್ಲ ಕಾಳಗಕ್ಕೇ ಬಂದವರು. ಕೋಳಿ ಕಾಳಗ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಕಾನೂನು ಇರದಿದ್ದರೂ ನಾನು ಕೊಡುತ್ತಿರಲಿಲ್ಲ.

ಈಗ ನನ್ನಲ್ಲಿ ಬ್ರಹ್ಮ ಹನ್ನೊಂದು, ಕೊಚ್ಚಿನ್ ಹೇಂಟೆ ಮೂರು. ಪ್ರದರ್ಶನಕ್ಕೆ ಬ್ರಹ್ಮವನ್ನೇ ಒಯ್ಯುತ್ತೇನೆ, ಕೊಚ್ಚಿನ್‌ಗಳು ಕಾವಿಗೆ. ದೀಪಾವಳಿ ಕಳೆದ ಮೇಲೆ ಮೊಟ್ಟೆ ಇಡುತ್ತೇನೆ. ಆಗ ಹುಟ್ಟಿದ ಮರಿಗಳು ಏಪ್ರಿಲ್ ಬರುವಷ್ಟರಲ್ಲಿ ನಾಲ್ಕು ತಿಂಗಳು ದಾಟಿರುತ್ತವೆ. ಮೂರು ಬುಟ್ಟಿಗಳಿಗೆ ಮರಳು ಜರಡಿ ಹಿಡಿದು ಇಟ್ಟಾಗಿದೆ.